ಬಾಣಂತಿಯ ನೀರು, ಅಂಗಡಿಯ ಗಾಜು

ಹಿಂದಿನ ಗೋಡೆಯಾಚೆ ತಗಡು ಒತ್ತುವ ಪವರ್ ಪ್ರೆಸ್ ಶುರುವಾದದ್ದು ಮೊದಲು ನೆಲಕ್ಕೆ ಗೊತ್ತಾಗುತ್ತದೆ, ಆಮೇಲೆ ಕಿವಿಗೆ. ಧಡ್ ಎಂದು ಒಮ್ಮೆ, ಒಂದು ಉಸಿರಿನಷ್ಟು ಬಿಡುವು, ಮತ್ತೆ ಧಡ್. ಗೂಡಿನಲ್ಲಿಟ್ಟ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ನಡುಗುತ್ತವೆ. ನೆಲಗದರನಹಳ್ಳಿಯ ಆ ಓಣಿಗೆ ಹೊಸದಾಗಿ ಬಾಡಿಗೆಗೆ ಬಂದವರು ಮೊದಮೊದಲು ಬೆಚ್ಚಿ ಏಳುತ್ತಾರೆ. ಮಹಾದೇವಿಗೆ ಈಗ ಅದು ಕೋಳಿ ಕೂಗಿದ ಹಾಗೆ. ಆ ಸದ್ದು ಬರುವಷ್ಟರಲ್ಲಿ ಅವಳು ರೊಟ್ಟಿ ಬಡಿದು ಮುಗಿಸಿ, ಗಂಡ ಸಂಗಣ್ಣನ ಡಬ್ಬಿ ಕಟ್ಟಿ, ಮಗಳು ಶಾಂಭವಿಯ ಜಡೆ ಹೆಣೆದಿರುತ್ತಾಳೆ.

ಮಹಾದೇವಿ ಇಳಕಲ್ಲಿನ ಕಡೆಯವಳು. ಮದುವೆಯಾದ ಮೇಲೆ ಸಂಗಣ್ಣನ ಹಿಂದೆ ಪೀಣ್ಯಕ್ಕೆ ಬಂದಳು. ಮೊದಲು ಕಟ್ಟಡಗಳಲ್ಲಿ ಇಟ್ಟಿಗೆ ಹೊತ್ತಳು. ಆ ಕಟ್ಟಡಗಳಿಗೇ ಗಾಜು ಬಂದಾಗ ಒರೆಸುವ ಕೆಲಸಕ್ಕೆ ನಿಂತಳು. ಒರೆಸುತ್ತ ಒರೆಸುತ್ತ ಗಾಜು ಬರುವ ಕಾರ್ಖಾನೆಯ ದಾರಿ ಗೊತ್ತಾಯಿತು. ಈಗ ಅಲ್ಲಿಯೇ, ಪೀಣ್ಯದ ಒಂದು ಅಡ್ಡರಸ್ತೆಯ ಕೊನೆಯ ಶೆಡ್ಡಿನಲ್ಲಿ, ಅವಳಿಗೆ ಕೆಲಸ. ಏನು ಕೆಲಸ ಎಂದು ಊರಿನವರು ಕೇಳಿದರೆ ಗಾಜಿನ ಕಾರ್ಖಾನೆ ಎಂದಷ್ಟೇ ಹೇಳಿ ಸುಮ್ಮನಾಗುತ್ತಾಳೆ. ಅದಕ್ಕಿಂತ ಮುಂದಕ್ಕೆ ಹೇಳಿದರೆ ಯಾರೂ ನಗದೆ ಇರುವುದಿಲ್ಲ. ಅವಳ ಕೆಲಸ ಗಾಜು ಒಡೆಯುವುದು.

ಆ ಶೆಡ್ಡಿಗೆ ಬರುವುದೆಲ್ಲ ಸಾದಾ ಗಾಜು. ಬೇಕಾದ ಅಳತೆಗೆ ಕತ್ತರಿಸಿ, ಅಂಚು ಉಜ್ಜಿ, ತೂತು ಬೇಕಿದ್ದರೆ ಕೊರೆದು, ತೊಳೆದು, ಉದ್ದನೆಯ ಒಲೆಯೊಳಕ್ಕೆ ಕಳಿಸುತ್ತಾರೆ. ಇದೆಲ್ಲ ಒಲೆಗೆ ಹೋಗುವ ಮೊದಲೇ ಆಗಬೇಕು. ಹೋಗಿ ಬಂದ ಮೇಲೆ ಆ ಗಾಜಿನ ಮೇಲೆ ಯಾರ ಕೈಯೂ ನಡೆಯುವುದಿಲ್ಲ. ಒಲೆಯಲ್ಲಿ ಅದು ಕೆಂಡದಂತೆ ಕಾಯುತ್ತದೆ. ಹೊರಬಂದ ಕೂಡಲೇ ಎರಡೂ ಮಗ್ಗುಲಿಂದ ತಣ್ಣನೆಯ ಗಾಳಿ ರಭಸವಾಗಿ ಬಡಿಯುತ್ತದೆ. ಮೈ ಮೊದಲು ಆರಿ ಗಟ್ಟಿಯಾಗುತ್ತದೆ, ಒಡಲು ತಡವಾಗಿ ಆರುತ್ತದೆ. ಹಾಗೆ ತಡವಾಗಿ ಆರಿದ ಒಡಲು ತನ್ನ ಮೈಯನ್ನು ಮುಂದೆ ಸದಾ ಒಳಕ್ಕೆ ಎಳೆದುಕೊಂಡೇ ಇರುತ್ತದೆ, ಬಿಗಿಹಿಡಿದ ಮುಷ್ಟಿಯ ಹಾಗೆ. ಅದಕ್ಕೆ ಶೆಡ್ಡಿನಲ್ಲಿ ಟಫನ್ ಗಾಜು ಎನ್ನುತ್ತಾರೆ. ಬಚ್ಚಲಿನ ಬಾಗಿಲಿಗೆ, ಊಟದ ಮೇಜಿಗೆ, ನೆಲದಿಂದ ಎದ್ದ ದೊಡ್ಡ ಕಿಟಕಿಗೆ ಹೋಗುವುದು ಅದು.

ಒಲೆಯಿಂದ ಬರುವ ಪ್ರತಿ ಸರದಿಯಿಂದ ಒಂದು ತುಂಡು ಮಹಾದೇವಿಯ ಮೇಜಿಗೆ ಬರುತ್ತದೆ. ಅವಳು ಅದರ ಮೇಲೆ ತೆಳು ಹಾಳೆ ಹೊದಿಸಿ, ಅಂಚಿನ ಹತ್ತಿರ ಚೂಪು ಸುತ್ತಿಗೆಯಿಂದ ಒಂದು ಏಟು ಕೊಡುತ್ತಾಳೆ. ಕೆರೆಯ ಮೇಲೆ ಗಾಳಿ ಹರಿದ ಹಾಗೆ ಬಿಳುಪು ಈ ತುದಿಯಿಂದ ಆ ತುದಿಗೆ ಓಡುತ್ತದೆ. ಆಮೇಲೂ ಸ್ವಲ್ಪ ಹೊತ್ತು ಚೂರುಗಳು ಹಾಳೆಯ ಕೆಳಗೆ ಚಿಟಿಚಿಟಿ ಎನ್ನುತ್ತಿರುತ್ತವೆ, ಹೆಂಚಿನ ಮೇಲೆ ಜೋಳ ಅರಳುವಂತೆ. ಅವಳು ಒಂದು ಸಣ್ಣ ಚೌಕಟ್ಟು ಇಟ್ಟು ಒಳಗಿನ ಚೂರುಗಳನ್ನು ಎಣಿಸುತ್ತಾಳೆ. ಹರಳಿನಂಥ ಸಣ್ಣ ಚೂರುಗಳು ತುಂಬಿದ್ದರೆ ಸರಿ. ಉದ್ದುದ್ದ, ಚಾಕುವಿನಂಥ ತುಂಡು ಕಂಡರೆ ಆ ಇಡೀ ಸರದಿ ವಾಪಸ್ಸು. ಮುಗಿದ ಮೇಲೆ ಸೂಪರ್‌ವೈಸರ್ ಭಾನುಪ್ರಕಾಶನ ಕಡೆ ತಿರುಗಿ, "ಚಲೋ ಒಡದೈತ್ರಿ ಸರ್" ಎನ್ನುತ್ತಾಳೆ. ಆ ಶೆಡ್ಡಿನಲ್ಲಿ ಗಾಜಿಗೆ ಸಿಗುವ ದೊಡ್ಡ ಹೊಗಳಿಕೆ ಅದೇ.

ಸೇರಿದ ಹೊಸತರಲ್ಲಿ ಸುತ್ತಿಗೆ ಎತ್ತಲು ಹೆದರಿಕೆಯಾಗುತ್ತಿತ್ತು. ಅವಳ ಅವ್ವ ಬಳೆ ಕೂಡ ಒಡೆಯಿತು ಎನ್ನಗೊಡುತ್ತಿರಲಿಲ್ಲ, ಅದು ಅಪಶಕುನವೆಂದು ಹೆಚ್ಚಿತು ಎನ್ನಬೇಕಿತ್ತು. ಇಲ್ಲಿ ಗೇಟಿನೊಳಗೆ ಬರುವ ಮೊದಲೇ ಬಳೆ ತೆಗೆದು ಚೀಲಕ್ಕೆ ಹಾಕಬೇಕು. ಬರಿಗೈಯಲ್ಲಿ ನಿಂತು ದಿನವಿಡೀ ಒಡೆಯಬೇಕು. ಆದರೆ ದಿನ ಕಳೆದ ಹಾಗೆ ಭಯ ಕರಗಿ, ಅದರ ಜಾಗದಲ್ಲಿ ಒಂದು ಥರದ ಮರ್ಯಾದೆ ಬಂದು ಕೂತಿತು. ಒಡೆಯುವುದಂತೂ ತಪ್ಪದು, ಒಡೆಯುವಾಗಲೂ ಹತ್ತಿರ ನಿಂತವರನ್ನು ಕೊಯ್ಯಬಾರದು ಎಂದು ಯಾರೋ ಗಾಜಿಗೆ ಬುದ್ಧಿ ಹೇಳಿ ಕಳಿಸಿದ್ದಾರೆ ಅನ್ನಿಸುತ್ತಿತ್ತು. ಯಾರ ಮನೆಗೆ ಹೋದರೂ ಅವಳ ಕಣ್ಣು ಗಾಜಿನ ಮೂಲೆಗೆ ಹೋಗಿ, ಅಲ್ಲಿ ಟಫನ್ ಗಾಜಿನ ಮಸುಕಾದ ಮುದ್ರೆ ಇದೆಯೇ ಎಂದು ಹುಡುಕುತ್ತಿತ್ತು.

ಅವಳಿರುವ ಮನೆ ರಾಮಕ್ಕನದು. ರಾಮಕ್ಕ ಮತ್ತು ಗಂಡ ವೆಂಕಟರಮಣಪ್ಪ ಆ ಊರಿನ ಹಳೆಯ ಕುಳ. ಹೊಲಗಳು ಕಾರ್ಖಾನೆಗಳಾದ ಮೇಲೆ ವೆಂಕಟರಮಣಪ್ಪ ಮುಖ್ಯರಸ್ತೆಯಲ್ಲಿ ದಿನಸಿ ಅಂಗಡಿ ಇಟ್ಟಿದ್ದ. ಮಂಡಿ ನೋವು ಹೆಚ್ಚಾಗಿ ಅದನ್ನೂ ಮುಚ್ಚಿ ಈಗ ಮನೆಯಲ್ಲೇ ಇರುತ್ತಾನೆ. ಮೇಲೆ ಅವರು, ಕೆಳಗೆ ಅಂಗಳದ ಸುತ್ತ ಬಾಡಿಗೆಯ ಕೋಣೆಗಳು. ಮಗಳು ವೇಣಿ ಹೂಡಿಯ ಅಪಾರ್ಟ್‌ಮೆಂಟಿನಲ್ಲಿ ಸಂಸಾರ ಮಾಡುತ್ತಿದ್ದವಳು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಅವಳಿಗೆ ಕೊರತೆ ಅನ್ನಿಸಬಾರದು ಎಂದು ರಾಮಕ್ಕ ಹಳೆಯ ಬಚ್ಚಲನ್ನು ಒಡೆಸಿ, ಬಿಳಿ ಟೈಲ್ಸು ಹಾಕಿಸಿ, ಹೂಡಿಯಲ್ಲಿ ಇದ್ದ ಹಾಗೇ ಸ್ನಾನದ ಜಾಗಕ್ಕೆ ಗಾಜಿನ ಬಾಗಿಲು ನಿಲ್ಲಿಸಿದ್ದಳು.

ಆ ಬಾಗಿಲು ಒಂದು ಬೆಳಿಗ್ಗೆ ತಾನಾಗಿಯೇ ಒಡೆಯಿತು.

ವೇಣಿ ಸ್ನಾನ ಮುಗಿಸಿ, ಬಟ್ಟೆ ಉಟ್ಟು, ಕೂದಲಿಗೆ ಟವೆಲ್ ಸುತ್ತುತ್ತಿದ್ದಳು. ಯಾರೂ ಮುಟ್ಟಲಿಲ್ಲ. ಟ್ರಾನ್ಸ್‌ಫಾರ್ಮರ್ ಸಿಡಿದಂಥ ಸದ್ದು ಅಂಗಳದವರೆಗೆ ಕೇಳಿತು. ಡಬ್ಬಿ ಹಿಡಿದು ಹೊರಟಿದ್ದ ಮಹಾದೇವಿ ಅದನ್ನು ಹೊಸ್ತಿಲಲ್ಲೇ ಇಟ್ಟು ಮೆಟ್ಟಿಲು ಹತ್ತಿ ಓಡಿದಳು. ಬಚ್ಚಲಿನ ನೆಲದ ತುಂಬ ಕಲ್ಲುಸಕ್ಕರೆ ಸುರಿದ ಹಾಗೆ ಚೂರು. ನಡುವೆ ಬರಿಗಾಲಿನಲ್ಲಿ ವೇಣಿ, ಎರಡೂ ಕೈ ಹೊಟ್ಟೆಯ ಮೇಲೆ, ಮುಖದಲ್ಲಿ ರಕ್ತವೇ ಇಲ್ಲ. ಬಾಗಿಲಲ್ಲಿ ರಾಮಕ್ಕ ಗೋಡೆ ಹಿಡಿದು ನಿಂತಿದ್ದಳು.

ಮಹಾದೇವಿ ತನ್ನ ಚಪ್ಪಲಿ ವೇಣಿಯ ಕಾಲಿಗೆ ತೊಡಿಸಿ, ತೋಳು ಹಿಡಿದು ಹೊರಗೆ ಕರೆತಂದಳು. ಪಾದ ತಿರುಗಿಸಿ ನೋಡಿದಳು. ಹಿಮ್ಮಡಿಯ ಹತ್ತಿರ ಬೆಕ್ಕು ಪರಚಿದಂಥ ಗೀರು, ಅಷ್ಟೇ. ಅವಳ ಎದೆಯಿಂದ ಒಂದು ಕಲ್ಲು ಇಳಿಯಿತು. ಒಂದು ಹಿಡಿ ಚೂರು ಬಾಚಿ ಅಂಗೈ ಮೇಲೆ ಹರಡಿ ರಾಮಕ್ಕನ ಮುಂದೆ ಹಿಡಿದು, ನಗುತ್ತ ಹೇಳಿಬಿಟ್ಟಳು:

"ಭಾಳ ಚಲೋ ಒಡದೈತ್ರಿ ಅವ್ವಾರ!"

ರಾಮಕ್ಕ ಅವಳನ್ನು ನೋಡಿದ ನೋಟ ಮಹಾದೇವಿಗೆ ಆಗ ಅರ್ಥವಾಗಲಿಲ್ಲ. ಚೂರು ಗುಡಿಸಿ, ಗೋಣಿಚೀಲಕ್ಕೆ ತುಂಬಿ, ನೆಲಕ್ಕೆ ಒದ್ದೆ ಬಟ್ಟೆ ಒತ್ತಿ ಧೂಳನ್ನೂ ತೆಗೆದು, ತಡವಾಯಿತೆಂದು ಕೆಲಸಕ್ಕೆ ಓಡಿದಳು. ಸಂಜೆ ಬಂದಾಗ ಅಂಗಳದ ನಲ್ಲಿಯ ಹತ್ತಿರ ರಾಮಕ್ಕ ಕಾದಿದ್ದಳು.

"ಮಾದೇವಿ, ತಪ್ಪು ತಿಳ್ಕಬೇಡ ಕಣಮ್ಮಿ. ಮಗು ಆಗೋಗಂಟ ನೀನು ಮೇಲಕ್ಕೆ ಬರೋದು ಬ್ಯಾಡ."

"ಯಾಕ್ರಿ ಅವ್ವಾರ?"

"ದೇವಸ್ತಾನದ ತಾವ ಪೂಜಾರಪ್ಪನ್ನ ಕೇಳ್ಕಂಡು ಬಂದೆ. ಒಡಿಯೋ ಕೈ ಮನೇಲಿ ಓಡಾಡ್ತೈತೆ ಅಂದ್ರು. ನಾನು ನಿನ್ ಎಸ್ರು ಏಳಿಲ್ಲ. ಆದ್ರೂ... ಬಸುರಿ ನಿಂತವ್ಳೆ, ಕಾಲ್ ಕೆಳ್ಗೆ ಗಾಜು ಬಿದ್ದೈತೆ, ನೀನು ಚೆನ್ನಾಗ್ ಒಡ್ದೈತೆ ಅಂತ ನಗ್ತೀಯಲ್ಲಮ್ಮಿ!"

ಹರಳಾಗಿ ಒಡೆದದ್ದರಿಂದಲೇ ವೇಣಿಯ ಕಾಲು ಉಳಿಯಿತು ಎಂದು ಹೇಳಬೇಕಿತ್ತು. ಆದರೆ ಹಾಗೆ ಹೇಳುವಾಗಲೂ ಒಡೆಯಿತು ಎಂಬ ಮಾತು ಬರುತ್ತದಲ್ಲ ಎಂದು ಸುಮ್ಮನೆ ತಲೆಯಾಡಿಸಿದಳು.

ಬೇರೆ ಯಾರಾದರೂ ಹಾಗೆಂದಿದ್ದರೆ ಅವಳಿಗೆ ಇಷ್ಟು ನಾಟುತ್ತಿರಲಿಲ್ಲ. ಶಾಂಭವಿ ಹುಟ್ಟಿದಾಗ ಅವಳಿಗೆ ತವರೆಂಬುದೇ ಇರಲಿಲ್ಲ, ಅವ್ವ ಮದುವೆಗೆ ಮುಂಚೆಯೇ ತೀರಿಕೊಂಡಿದ್ದಳು. ಇದೇ ಅಂಗಳದಲ್ಲಿ ಹಳೆ ಸೀರೆ ಮರೆಕಟ್ಟಿ, ಹಂಡೆಗೆ ಸೌದೆ ಒಟ್ಟಿ, ರಾಮಕ್ಕನೇ ಅವಳ ಬಾಣಂತನ ಮಾಡಿದ್ದಳು. ಬಾಡಿಗೆಯವಳು ಎಂದು ನೀರಿನ ಬಿಸಿಯಲ್ಲಿ ಒಂದು ಚೂರೂ ಕಡಿಮೆ ಮಾಡಿರಲಿಲ್ಲ. ಕುದಿಯುವ ನೀರನ್ನು ಚೊಂಬು ಚೊಂಬಾಗಿ ಸೊಂಟಕ್ಕೆ ಬೀಸಿ ಬೀಸಿ ಹೊಡೆಯುತ್ತ, "ಉರೀತದೆ ಅಂತ ಕಿರುಚ್ಕಬೇಡ, ನಾಳೆ ಮುದುಕಿ ಆದಾಗ ನನ್ನ ನೆನೀತೀಯ" ಎಂದಿದ್ದಳು. ಆಮೇಲೆ ಮಣೆಯ ಮೇಲೆ ಕೂತು ಕಾಲು ಚಾಚಿ, ಕೂಸನ್ನು ಕಾಲ ಮೇಲೆ ಮಲಗಿಸಿ ಎಣ್ಣೆ ತೀಡಿ ಎರೆದಿದ್ದಳು. ಹಂಡೆಯ ಹೊಗೆ, ಸೀಗೆಯ ವಾಸನೆ, ಆ ಒರಟು ಕೈ. ಅವ್ವ ಎಂದರೆ ಮಹಾದೇವಿಗೆ ಈಗ ಮೊದಲು ನೆನಪಾಗುವುದು ಅದೇ.

ಎರಡು ದಿನ ಬಿಟ್ಟು ಶಾಂಭವಿ ಮೇಲಿನಿಂದ ಸುದ್ದಿ ತಂದಳು. ಮೇಲೆ ಹೋಗಿಬರಲು ಅವಳಿಗೆ ಯಾರ ಅಡ್ಡಿಯೂ ಇರಲಿಲ್ಲ. "ಅಮ್ಮಾ, ತಾತ ಅಂಗಡಿ ಗಾಜು ತೆಗೆಸ್ತಾವ್ರೆ! ವೇಣಕ್ಕನ ಬಚ್ಲಿಗೆ ಅದ್ನೇ ಹಾಕ್ತಾರಂತೆ."

ಮಹಾದೇವಿ ಹೊರಗೆ ಬಂದು ನೋಡಿದಳು. ಬಡಗಿ ಶೇಖರಪ್ಪ ಮತ್ತು ಇನ್ನೊಬ್ಬ ಆಳು, ವೆಂಕಟರಮಣಪ್ಪನ ಹಳೆಯ ಅಂಗಡಿಯ ಗಲ್ಲಾದ ಮೇಲಿದ್ದ ಗಾಜನ್ನು ಹೊತ್ತು ತಂದು ಅಂಗಳದ ಗೋಡೆಗೆ ಒರಗಿಸುತ್ತಿದ್ದರು. ಉದ್ದಕ್ಕೂ ದಪ್ಪನೆಯ ಒಂದೇ ಹಲಗೆ. ಅಂಚಿನಲ್ಲಿ ಕೆರೆಯ ನೀರಿನ ಹಸಿರು. ಒಂದು ಮೂಲೆ ಕಚ್ಚಿದಂತೆ ಚಕ್ಕೆ ಎದ್ದಿತ್ತು. ಎಣ್ಣೆಯ ಡಬ್ಬಗಳು ಕೂತೆದ್ದು ಉಳಿಸಿದ ಜಿಡ್ಡಿನ ಉಂಗುರಗಳು ಮೈ ತುಂಬ ಇದ್ದವು. ಮೂಲೆಯಲ್ಲಿ ಮುದ್ರೆ ಇರಲಿಲ್ಲ, ಇರುವ ಕಾಲದ್ದೂ ಅಲ್ಲ ಅದು. ಸಾದಾ ಗಾಜು.

"ಸೋಮವಾರ ಬಂದು ಕೂರಿಸ್ಕೊಡ್ತೀನಿ ಗೌಡ್ರೇ, ಗೋಡೆಗೆ ಎರಡು ಪಟ್ಟಿ ಹೊಡುದ್ರೆ ಆನೆ ಒದ್ರೂ ಅಲ್ಲಾಡಲ್ಲ" ಎಂದು ಶೇಖರಪ್ಪ ಕೈ ಒರೆಸಿಕೊಂಡು ಹೋದ.

ಅಂದು ಸಂಜೆ ಪಲ್ಯಕ್ಕೆ ಬದನೆಕಾಯಿ ಹೆಚ್ಚುತ್ತ ಮಹಾದೇವಿ ಗಂಡನಿಗೆ ವಿಷಯ ಹೇಳಿದಳು. ಕುದಿಯುವ ನೀರು. ಧನುರ್ಮಾಸದ ಚಳಿ. ಗಾಜಿಗೆ ಬೆನ್ನು ಕೊಟ್ಟು ಮಣೆಯ ಮೇಲೆ ಕೂತ ರಾಮಕ್ಕ, ಅವಳ ಕಾಲ ಮೇಲೆ ಕೂಸು, ಪಕ್ಕದಲ್ಲಿ ಹಸಿಮೈಯ ವೇಣಿ. ಆ ಗಾಜು ಅಲ್ಲಿ ಬಿರಿದರೆ ಹರಳಾಗಿ ಉದುರುವುದಿಲ್ಲ, ಕುಡುಗೋಲಾಗಿ ಇಳಿಯುತ್ತದೆ.

ಸಂಗಣ್ಣ ಜೋರಾಗಿ ನಕ್ಕ. "ದಿನಾ ಒಡದು ಪಗಾರ ತಗೊಳ್ಳಾಕಿ ನೀನು, ಮನಿಗೆ ಬಂದು ಮಂದಿಗೆ ಒಡದೀತು ಜ್ವಾಕಿ ಅಂತ ಹೇಳಾಕಿ!"

"ನಗಬ್ಯಾಡ. ನನಗ ನಿದ್ದಿ ಬರಂಗಿಲ್ಲ."

ಅವನು ನಗು ನಿಲ್ಲಿಸಿದ. "ಮಾದೇವಿ, ಈಗಾಗಲೇ ನಿನ್ನ ಕೈ ಕೆಟ್ಟದ್ದು ಅಂದಾರ. ಇನ್ನೊಮ್ಮೆ ಗಾಜಿನ ಮಾತು ತಗದ್ರ ಖೋಲಿ ಖಾಲಿ ಮಾಡು ಅಂತಾರ. ಶಾಂಭವಿ ಸಾಲಿ ಇಲ್ಲೇ ಐತಿ. ಸುಮ್ಮನಿರು."

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಮರುದಿನ ಅವಳು ಶೆಡ್ಡಿನಲ್ಲಿ ಭಾನುಪ್ರಕಾಶನನ್ನು ಕೇಳಿದಳು. ಮೊದಲನೆಯ ಬಾಗಿಲು ಯಾಕೆ ಒಡೆಯಿತು ಎಂಬುದು ಅವಳಿಗೂ ಗೊತ್ತಿರಲಿಲ್ಲ. ಅದು ಗೊತ್ತಿಲ್ಲದೆ ರಾಮಕ್ಕನ ಮುಂದೆ ಬಾಯಿ ತೆರೆಯುವುದು ಹೇಗೆ?

"ನೋಡದೆ ಏನಂತ ಹೇಳ್ಲಿ ಮಹಾದೇವಿ? ಗಾಜಿನ ಒಳಗೆ ಕಣ್ಣಿಗೆ ಕಾಣದ ಒಂದು ಕಣ ಸೇರ್ಕೊಂಡಿದ್ರೆ ಎಂದೋ ಒಂದಿನ ತಾನೇ ಸಿಡಿಯತ್ತೆ. ಅಪರೂಪ, ಆದ್ರೆ ಆಗತ್ತೆ. ಇಲ್ಲಾ ಫಿಟ್ ಮಾಡೋವಾಗ ಅಂಚಿಗೆ ಏಟು ಬಿದ್ದಿರಬಹುದು, ಬಾಗಿಲ ಹಿಂಜ್ ಹತ್ರ ರಬ್ಬರ್ ಇಡೋದು ಬಿಟ್ಟಿರಬಹುದು."

"ಸಾದಾ ಗಾಜಿಗೆ ಕುದಿಯೂ ನೀರು ಹಾಕಿದ್ರ ಒಡಿತೈತೇನ್ರಿ?"

"ಒಡೀಬಹುದು. ಒಡೀದೇನೂ ಇರಬಹುದು. ದಪ್ಪ ಇದ್ದಷ್ಟೂ ಕಷ್ಟ, ಮೇಲ್ಗಡೆ ಕಾದಿರತ್ತೆ, ಒಳಗೆ ತಣ್ಣಗೇ ಇರತ್ತೆ. ಅಂಚಲ್ಲಿ ಚಕ್ಕೆ ಎದ್ದಿದ್ರೆ ಅಲ್ಲಿಂದಲೇ ಬಿರುಕು ಹೊರಡತ್ತೆ. ಯಾಕೆ, ಮನೇಲೂ ಟೆಸ್ಟಿಂಗ್ ಶುರು ಮಾಡಿದ್ಯಾ?"

ಒಡೀಬಹುದು, ಒಡೀದೇನೂ ಇರಬಹುದು. ಆ ಮಾತು ಹಿಡಿದುಕೊಂಡು ಮನೆಗೆ ಬಂದಳು. ದಾರಿಯುದ್ದಕ್ಕೂ ಅವಳ ಕಣ್ಣು ಗಾಜುಗಳನ್ನೇ ಎಣಿಸಿತು. ದೊಡ್ಡ ಮನೆಗಳ ಬಾಲ್ಕನಿಯ ಅಂಚಿನ ಗಾಜು, ಮಾಳಿಗೆಯಿಂದ ಬೆಳಕು ಬಿಡುವ ಗಾಜು. ಅಲ್ಲಿಗೆ ಟಫನ್ ಒಂದೇ ಸಾಲದು, ಹರಳಾದರೂ ಮೇಲಿನಿಂದ ಸುರಿದರೆ ಕೆಳಗಿನವರ ಗತಿಯೇನು. ಅದಕ್ಕೆಂದೇ ಪಕ್ಕದ ಶೆಡ್ಡಿನಲ್ಲಿ ಎರಡು ಗಾಜಿನ ನಡುವೆ, ಹೋಳಿಗೆಗೆ ಹೂರಣ ಇಟ್ಟಂತೆ, ಒಂದು ಹಾಳೆ ಇಟ್ಟು ಬೇಯಿಸುತ್ತಿದ್ದರು. ಅದು ಒಡೆದರೂ ಜೇಡರ ಬಲೆಯಂತಾಗಿ ಚೌಕಟ್ಟಿನಲ್ಲೇ ನಿಲ್ಲುತ್ತಿತ್ತು. ಹಳೆಯ ಕಾರ್ಖಾನೆಗಳ ಮೆಟ್ಟಿಲ ಕಿಟಕಿಯಲ್ಲಿ ತಂತಿಬಲೆ ಹುದುಗಿಸಿದ ಗಾಜು. ಫೋಟೋಗೆ, ಸಣ್ಣ ಗವಾಕ್ಷಿಗೆ ಸಾದಾ ಗಾಜು ಸಾಕು. ಒಂದೊಂದು ಜಾಗಕ್ಕೆ ಒಂದೊಂದು ಥರ ಒಡೆಯುವ ಗಾಜು. ಒಡೆಯುವುದನ್ನು ಮೊದಲೇ ಯೋಚಿಸಿ ಮಾಡಿದ್ದು. ನಮ್ಮ ಮಂದಿ ಮಾತ್ರ ಆ ಮಾತನ್ನು ಬಾಯಲ್ಲಿ ಆಡಲೂ ಹೆದರುತ್ತಾರೆ ಎಂದುಕೊಂಡಳು. ಹಾಗೆಂದುಕೊಂಡಾಗ ಅವ್ವನ ನೆನಪಾಗಿ ಕೆಡುಕೆನ್ನಿಸಿತು.

ಸಂಜೆ ನಲ್ಲಿಯ ಹತ್ತಿರ ಧೈರ್ಯ ಮಾಡಿದಳು. "ಅವ್ವಾರ, ಆ ಗಾಜು ಬಚ್ಚಲಕ್ಕ ಹಾಕಬ್ಯಾಡ್ರಿ. ಬಾಣಂತಿ ನೀರಿನ ಬಿಸಿ ಅದು ತಡಿಯಂಗಿಲ್ಲ."

ರಾಮಕ್ಕನ ಮುಖ ಗಂಟಾಯಿತು. "ಮ್ಯಾಕ್ ಬರಬ್ಯಾಡ ಅಂದಿದ್ದಕ್ಕೆ ಕೊಂಕು ತಗೀತೀಯೇನಮ್ಮಿ? ಅದು ತಾನೇ ಪುಡಿ ಆಯ್ತಲ್ಲ, ಅದು ನಿಮ್ ಪ್ಯಾಕ್ಟ್ರೀ ಗಾಜು. ಇದು ಅಂಗಲ್ಲ."

ಜಗುಲಿಯ ಮೇಲೆ ಕಾಲು ನೀವಿಕೊಳ್ಳುತ್ತಿದ್ದ ವೆಂಕಟರಮಣಪ್ಪ ಕುಂಟುತ್ತ ಎದ್ದು ಬಂದು ಗಾಜಿನ ಮೇಲೆ ಬೆರಳ ಗೆಣ್ಣಿನಿಂದ ಕುಟ್ಟಿದ. ತುಂಬಿದ ಕೊಡದಂಥ ದಪ್ಪ ಸದ್ದು ಬಂತು. "ಕೇಳುಸ್ತಾ? ಇದರ ಮೇಲೆ ಬೆಲ್ಲದ ಅಚ್ಚು ಕುಟ್ಟಿವ್ನಿ. ವೇಣಿ ಅಂಗೈಯಗಲ ಇದ್ದಾಗಿಂದ ಇದರ ಮ್ಯಾಲೇ ಕೂತು ಕಡ್ಲೆ ತಿಂದವ್ಳೆ. ನನ್ ಅಂಗಡಿ ಓಯ್ತು, ಮಂಡಿ ಓಯ್ತು, ಇದೊಂದು ಗಟ್ಟಿಯಾಗಿ ಉಳ್ಕಂಡೈತೆ. ಇದ್ಕೂ ಕಣ್ಣಾಕ್ಬೇಡ ತಾಯಿ!" ನಗುತ್ತಲೇ ಅಂದ. ಗಾಜಿನ ಮೇಲಿಟ್ಟ ಕೈಯನ್ನು ಮಾತ್ರ ಹಿಂದಕ್ಕೆ ತೆಗೆಯಲಿಲ್ಲ.

ಮಹಾದೇವಿ ಕೊಡ ಎತ್ತಿಕೊಂಡು ಒಳಗೆ ಹೋದಳು.

ಭಾನುವಾರ ಬೆಳಿಗ್ಗೆ ಮಂಜು ದಟ್ಟವಾಗಿತ್ತು. ರಜೆಯಾದ್ದರಿಂದ ಪ್ರೆಸ್ಸಿನ ಸದ್ದೂ ಇರಲಿಲ್ಲ. ಅಂಗಳದ ಮೂಲೆಯಲ್ಲಿ ಹಂಡೆ ಕುದಿಯುತ್ತಿತ್ತು. ಮಹಾದೇವಿ ಬಟ್ಟೆ ತೊಳೆಯಲು ಬಂದಾಗ ರಾಮಕ್ಕ ಸೆರಗು ಸಿಕ್ಕಿಸಿ, ಬುಟ್ಟಿಯಲ್ಲಿ ಸೀಗೆಪುಡಿ ಮತ್ತು ತೆಂಗಿನ ನಾರು ಇಟ್ಟುಕೊಂಡು ಗಾಜಿನ ಮುಂದೆ ಕೂತಿದ್ದಳು. ನಾಳೆ ಶೇಖರಪ್ಪ ಬರುವ ಮೊದಲು ಎಣ್ಣೆ ಜಿಡ್ಡು ಹೋಗಬೇಕಿತ್ತು. ಪಕ್ಕದ ಬಕೆಟ್ಟಿನ ತಣ್ಣೀರಿಗೆ ಅದು ಜಗ್ಗಿರಲಿಲ್ಲ. ಉಂಗುರಗಳು ಹಾಗೇ ಇದ್ದವು. ರಾತ್ರಿಯೆಲ್ಲ ಇಬ್ಬನಿಯಲ್ಲಿ ನಿಂತಿದ್ದ ಗಾಜು ಮುಟ್ಟಿದರೆ ಕೈ ಕೊರೆಯುವಷ್ಟು ತಣ್ಣಗಿತ್ತು.

ರಾಮಕ್ಕ ಎದ್ದು ಹಂಡೆಯ ಕಡೆ ನಡೆದಳು. ಕುದಿಯುವ ನೀರನ್ನು ಚೊಂಬಿಗೆ ತುಂಬಿಕೊಂಡಳು.

ಮಹಾದೇವಿಗೆ ಒಮ್ಮೆಲೇ ಎಲ್ಲ ಕಂಡಿತು. ಬೇಡ್ರಿ ಎಂದರೆ ಸಾಕು. ಒಲೆಯ ಬೂದಿ ಹಾಕಿ ತಿಕ್ಕಿ ಅವ್ವಾರ, ಜಿಡ್ಡು ಹೋಗತೈತಿ ಎಂದರೆ ಸಾಕು. ಮುದುಕನ ಗಾಜು ಉಳಿಯುತ್ತದೆ. ನಾಳೆ ಅದು ಬಚ್ಚಲಿಗೆ ಹೋಗುತ್ತದೆ. ಇನ್ನೊಂದು ತಿಂಗಳಿಗೆ ಇದೇ ಚೊಂಬು, ಇದೇ ನೀರು, ಇದೇ ಗಾಜು, ನಡುವೆ ಕೂಸು. ಮಾತಾಡಿದರೆ ಗಾಜು ಉಳಿಯುತ್ತದೆ ಎಂಬುದೇ ಅವಳ ನಾಲಗೆಯನ್ನು ಕಟ್ಟಿತು. ನೀರು ಬಿದ್ದೂ ಬಿರಿಯದೆ ಹೋದರೆ? ಆಗ ತಾನು ಇಷ್ಟು ದಿನ ಹೆದರಿದ್ದು ಸುಳ್ಳೆಂದಾಯಿತು, ಅದೂ ಒಳ್ಳೆಯದೇ. ಆದರೆ ಆ ಮೂಲೆಯ ಚಕ್ಕೆಯನ್ನು ಅವಳ ಕಣ್ಣು ಬಿಟ್ಟು ಕದಲಲಿಲ್ಲ.

"ಅವ್ವಾರ," ಎಂದಳು. "ಚಪ್ಪಲಿ ಹಾಕ್ಕೋರಿ."

"ಯಾಕಮ್ಮಿ?"

"ಜಾರತೈತ್ರಿ. ಜಗಲಿ ಮ್ಯಾಲೆ ನಿಂತು ಬೀಸಿ ಹಾಕ್ರಿ. ಬಿಸಿ ಸಿಡೀತೈತಿ."

ರಾಮಕ್ಕ ಗೊಣಗಿದಳು. ಆದರೂ ಚಪ್ಪಲಿ ಮೆಟ್ಟಿ ಜಗುಲಿ ಹತ್ತಿದಳು. ಬಾಣಂತಿಯ ಸೊಂಟಕ್ಕೆ ಬೀಸುವ ಅದೇ ವರಸೆಯಲ್ಲಿ ಕೈ ಹಿಂದಕ್ಕೆಳೆದು ಚೊಂಬಿನ ನೀರನ್ನು ಗಾಜಿನ ನಟ್ಟನಡುವಿಗೆ ಹೊಡೆದಳು.

ಒಂದು ಕ್ಷಣ ಹಬೆ ಬಿಟ್ಟರೆ ಏನೂ ಇಲ್ಲ. ಮಹಾದೇವಿ ಉಸಿರು ಬಿಟ್ಟಳು. ಆಮೇಲೆ ಟಣ್ ಎಂದು ಒಂದೇ ಸದ್ದು, ಕಂಚಿನ ತಟ್ಟೆ ಬಿದ್ದಂತೆ. ಚಕ್ಕೆಯ ಮೂಲೆಯಿಂದ ಒಂದು ಗೆರೆ ಡೊಂಕಾಗಿ ಮೇಲಕ್ಕೆ ಹರಿದು ಎರಡಾಗಿ ಕವಲೊಡೆಯಿತು. ಮೇಲಿನ ಅರ್ಧ ನಿಧಾನಕ್ಕೆ, ಅವಸರವೇ ಇಲ್ಲದಂತೆ, ಗೋಡೆಯಿಂದ ಜಾರಿತು. ಕೆಳಗಿದ್ದ ಪ್ಲಾಸ್ಟಿಕ್ ಬಕೆಟ್ಟಿನ ಅಂಚನ್ನು ಬಾಳೆಎಲೆ ಸೀಳಿದ ಹಾಗೆ ಸೀಳಿಕೊಂಡು ಇಳಿದು, ಸೊಂಟದೆತ್ತರದ ಒಂದು ಅಲಗು ಒದ್ದೆ ಮಣ್ಣಿನಲ್ಲಿ ನೆಟ್ಟಗೆ ನಿಂತಿತು. ಉಳಿದದ್ದು ಕಲ್ಲಿಗೆ ಬಡಿದು ಉದ್ದುದ್ದ ಚೂಪು ತುಂಡುಗಳಾಯಿತು.

ರಾಮಕ್ಕ ಖಾಲಿ ಚೊಂಬು ಹಿಡಿದು ಹಾಗೇ ನಿಂತಿದ್ದಳು. ಅವಳು ಬಕೆಟ್ಟನ್ನು ನೋಡಿದಳು. ಸ್ವಲ್ಪ ಹೊತ್ತಿನ ಮೊದಲು ತಾನು ಕೂತಿದ್ದ ಜಾಗ ಅದರ ಪಕ್ಕದಲ್ಲೇ ಇತ್ತು. ಆಮೇಲೆ ತನ್ನ ಕಾಲಿನ ಚಪ್ಪಲಿಯನ್ನು ನೋಡಿಕೊಂಡಳು.

ಮೇಲಿನಿಂದ ವೇಣಿಯ ಕೂಗು ಬಂತು. "ಏನಮ್ಮಾ ಅದು ಸದ್ದು? ಏನಾಯ್ತು?"

"ಏನಿಲ್ಲ, ನೀನು ಕೆಳಗ್ ಇಳೀಬ್ಯಾಡ!" ಎಂದು ಕೂಗಿದ ರಾಮಕ್ಕ ಮಹಾದೇವಿಯ ಕಡೆ ತಿರುಗಿದಳು. ದನಿ ತಗ್ಗಿತ್ತು. "ಚಪ್ಲಿ ಹಾಕ್ಕೋ ಅಂದೆ. ದೂರ ನಿಂತ್ಕೋ ಅಂದೆ. ನಿಂಗೆ ಗೊತ್ತಿತ್ತು."

"ಖಾತ್ರಿ ಇರಲಿಲ್ರಿ."

"ಆದ್ರೂ ಬ್ಯಾಡ ಅನ್ನಲಿಲ್ಲ."

"ಮೊನ್ನೆ ಅಂದಿದ್ದೆ ಅವ್ವಾರ. ಇವತ್ತ ಅನ್ನಲಿಲ್ಲ."

ರಾಮಕ್ಕ ಅವಳ ಮುಖವನ್ನೇ ದಿಟ್ಟಿಸಿದಳು. ಬಯ್ಯುತ್ತಾಳೆ, ಖೋಲಿ ಬಿಡು ಎನ್ನುತ್ತಾಳೆ ಎಂದು ಮಹಾದೇವಿ ಕಾದಳು. ಆದರೆ ರಾಮಕ್ಕ ಜಗುಲಿಯ ಅಂಚಿಗೆ ಕುಸಿದು ಕೂತು, ಎರಡೂ ಕಾಲು ಮುಂದಕ್ಕೆ ಚಾಚಿದಳು. ಕೂಸನ್ನು ಮಲಗಿಸಿಕೊಳ್ಳುವ ಹಾಗೆ. ಆ ಕಾಲುಗಳ ಮೇಲೆ ಏನೋ ಇದ್ದ ಹಾಗೆ ನೋಡಿದಳು.

"ಅವತ್ತು ಅವಳ ಕಾಲ್ ಕೆಳಗೆ ಬಿತ್ತಲ್ಲ," ಎಂದಳು ಕೊನೆಗೆ, "ಅದು ಇದಾಗಿದ್ದಿದ್ರೆ..."

ಮೇಲಿನ ಮನೆಯ ಬಾಗಿಲಿನಿಂದ ವೆಂಕಟರಮಣಪ್ಪ ಹೊರಗೆ ಬಂದ. ಗೋಡೆ ಹಿಡಿದು ಮೆಟ್ಟಿಲಿಳಿದು, ಮಣ್ಣಿನಲ್ಲಿ ನೆಟ್ಟಿದ್ದ ಅಲಗಿನ ಮುಂದೆ ನಿಂತ. ಯಾರದೋ ಮನೆಯ ಸಾವಿಗೆ ಬಂದವನ ಹಾಗೆ ಕೈಕಟ್ಟಿ ನಿಂತಿದ್ದ ಅವನನ್ನು ನೋಡಲಾರದೆ ಮಹಾದೇವಿ ಕಣ್ಣು ಬೇರೆ ಕಡೆ ಹೊರಳಿಸಿದಳು. ಕೂಸಿನ ಕಡೆಯಿಂದ ನೋಡಿದರೆ ತಾನು ಮಾಡಿದ್ದು ಸರಿ. ಈ ಮುದುಕನ ಕಡೆಯಿಂದ ನೋಡಿದರೆ ಹಾಗೆನ್ನಲು ಅವಳಿಗೆ ಬಾಯಿ ಬರಲಿಲ್ಲ. ಎರಡೂ ಒಂದೇ ಅಂಗಳದಲ್ಲಿ ನಿಂತಿದ್ದವು.

"ಈಗ ಅಲ್ಲಿ ಏನ್ ಆಕ್ಸೋದಮ್ಮಿ?" ರಾಮಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು. "ಪರದೆ ಕಟ್ಬುಡ್ಲಾ?"

"ಪರದೆನೂ ನಡಿತೈತ್ರಿ. ಗಾಜೇ ಬೇಕಂದ್ರ ಮೊದಲಿನದ್ದೇ ಹಾಕಸ್ರಿ, ಟಫನ್‌ದು. ಕುದಿಯೂ ನೀರಿಗೆ ಅದಕ್ಕ ಏನೂ ಆಗಂಗಿಲ್ಲ."

"ಅದು ತಾನೇ ಸಿಡೀತಲ್ಲ! ಯಾಕೆ ಸಿಡೀತು?"

"ಅದು ನನಗೂ ಗೊತ್ತಿಲ್ರಿ. ನಮ್ಮ ಸಾಹೇಬರಿಗೂ ಗೊತ್ತಿಲ್ಲ." ಸುಳ್ಳು ಹೇಳಿ ಧೈರ್ಯ ತುಂಬಬಹುದಿತ್ತು, ಅವಳಿಗೆ ಮನಸ್ಸಾಗಲಿಲ್ಲ. "ಮತ್ತೊಮ್ಮೆ ಹಂಗ ಆಗಂಗಿಲ್ಲ ಅಂತ ನಾ ಹೇಳಂಗಿಲ್ಲ. ಆದ್ರೂ ಆಗೂ ಹೊತ್ತಿಗೆ ಕೂಸಿನ ಮೈಮ್ಯಾಲೆ ಬೀಳದಂಗ ಮಾಡಬಹುದ್ರಿ. ಹೊರಗಿನ ಮಗ್ಗಲಿಗೆ ಒಂದು ಹಾಳಿ ಅಂಟಸ್ತಾರ, ಚೂರು ಅದಕ್ಕ ಹತ್ಕೊಂಡು ನಿಲ್ತಾವ. ಹಿಂಜಿಗೆ ರಬ್ಬರ್ ಇಡಸ್ರಿ, ಕಬ್ಬಿಣ ಗಾಜಿಗೆ ತಾಗಬಾರದು. ಶೇಖರಪ್ಪಾರು ಬ್ಯಾಡ್ರಿ, ಗಾಜಿನ ಕೆಲಸದವರ್ನ ಕರಸ್ರಿ."

"ನೀನೇ ಮ್ಯಾಕ್ ಬಂದು ನಿಂತು ಏಳು. ನಂಗೆ ಇವೆಲ್ಲ ತಲೇಲಿ ನಿಲ್ಲಲ್ಲ," ಎಂದಳು ರಾಮಕ್ಕ. ಆ ಮಾತು ಬಂದದ್ದು ಅವಳಿಗೇ ತಡವಾಗಿ ಕೇಳಿಸಿದಂತಿತ್ತು. ಮಹಾದೇವಿಯನ್ನು ನೋಡದೆ, ಚೊಂಬನ್ನು ಮಡಿಲಲ್ಲಿಟ್ಟುಕೊಂಡು ಮತ್ತೆ ಕೇಳಿದಳು. "ಮಗು ಅಂಬೆಗಾಲು ಇಕ್ಕೋವಾಗ? ತಮ್ ಮನೆ ಬಾಲ್ಕನಿಗೆ ಕಂಬಿ ಬದಲು ಗಾಜು ಮಾಡ್ಸಣ ಅಂತ ಅಳಿಯಂದ್ರು ಏಳ್ತಾವ್ರೆ. ಅಲ್ಗೂ ಇದೇ ಟಪನ್ನಾ?"

"ಇಲ್ರಿ, ಅಲ್ಲಿಗೆ ಬ್ಯಾರೆ," ಎನ್ನುತ್ತ ಮಹಾದೇವಿ ಎರಡೂ ಅಂಗೈಗಳನ್ನು ಒಂದರ ಮೇಲೊಂದು ಇಟ್ಟು ತೋರಿಸಿದಳು. "ಎರಡು ಗಾಜು ಹಿಂಗ ಕೂಡಿರತಾವ್ರಿ, ನಡುವ ಒಂದು ಹಾಳಿ. ಮ್ಯಾಗಿಂದ ಒಡದ್ರೂ ಕೆಳಗ ಬೀಳಂಗಿಲ್ಲ, ಒಂದು ಒಡದ್ರ ಇನ್ನೊಂದು ಅದನ್ನ—"

ವೆಂಕಟರಮಣಪ್ಪ ಬಗ್ಗಿ, ಮಣ್ಣಿನಲ್ಲಿ ನಿಂತಿದ್ದ ಅಲಗಿನ ಮೈಯನ್ನು ಬರಿಗೈಯಿಂದ ಸವರುತ್ತಿದ್ದ. ಅವನ ಹೆಬ್ಬೆರಳು ಅಂಚಿನ ಕಡೆಗೆ ಸರಿಯುತ್ತಿತ್ತು.

"ಅಪ್ಪಾರ, ಕೈ ತಗೀರಿ," ಎಂದಳು ಮಹಾದೇವಿ, ಕೂಡಿಸಿದ್ದ ಅಂಗೈಗಳನ್ನು ಬಿಡಿಸಿ ಚೂರುಗಳ ನಡುವೆ ಹೆಜ್ಜೆ ಹುಡುಕುತ್ತ ಅವನ ಕಡೆ ನಡೆಯುತ್ತ, "ನಾ ಎತ್ತಿ ಕೊಡತೀನಿ, ಆ ಹಸರ ಅಂಚಿನ ತುಂಡು ನಿಮಗ ಬೇಕಂದ್ರ ನಾ ಉಜ್ಜಿಸಿ, ಚೂಪು ಹೋಗೂವಂಗ ಮಾಡಿಸಿ ತಂದು ಕೊಡತೀನ್ರಿ."